ಹೊಲಿಗಿ ನೋಡಿ ಹೇಳತೀನಿ

ಹುಮನಾಬಾದ ಬಸ್‌ಸ್ಟ್ಯಾಂಡಿನ ಹಿಂದ, ಸೋಡಾ ಅಂಗಡಿ ಬಾಜೂಕ
ನನ್ನ ಪಿಕೋ-ಫಾಲಿನ ಅಂಗಡಿ.
ಬಾಬಿನ್ ಡಬ್ಬಿಗಿ ಆನಿಸಿ ಫೋನ್ ನಿಲ್ಲಸತೀನಿ.
ಮಷೀನ್ ಸಪ್ಪಳಕ ಮಾತು ಅರ್ಧ ಕೇಳತದ, ಅರ್ಧ ಕೇಳಲ್ಲ.
ಅದಕ್ಕ ಕಥಿ ಹೆಂಗದ ಅಂತ ನನ್ನ ಕೇಳಬ್ಯಾಡ್ರಿ.
ಹೊಲಿಗಿ ನೋಡಿ ಹೇಳತೀನಿ.

ಮೊನ್ನಿ ಐತವಾರ ಬೀದರಿಗಿ ಹೋಗಿ ದೊಡ್ಡ ಪಿಚ್ಚರ್ ನೋಡಿದೆ,
ತಂಗಿ ಮಗಳು ಪ್ರತಿಭಾ ಜಬರದಸ್ತಿ ಮಾಡಿದ್ಲಂತ.
ಮುನ್ನೂರು ಮಂದಿನ್ನ ಒಬ್ಬನೇ ಬಡದ.
ಬಡೀಲಿ, ನಂದೇನೂ ತಕರಾರಿಲ್ಲ.
ಆದರ ಅಂಗಿ! ಈ ಗಲ್ಲ್ಯಾಗ ತೋಳು ಹರದದ,
ಮುಂದಿನ ಗಲ್ಲ್ಯಾಗ ಅದೇ ತೋಳು ಇಡಿಯಾಗಿ ಅದ,
ಅದರ ಮುಂದಿನ ಗಲ್ಲ್ಯಾಗ ಮತ್ತ ಹರದದ.
ಬಡದಾಡೂ ನಡುಕ ಯಾರು ಕುಂತು ಹೊಲದ್ರು?
ಅವನಿಗಿ ಪಗಾರ ಎಷ್ಟು?
ಜೋರಾಗೇ ಕೇಳಿದೆ. ಹಿಂದಿನ ಸಾಲಿನಾಂವ
‘ಅಕ್ಕಾ, ಸುಮ್ಮ ಕುಂದರ್ರಿ’ ಅಂದ.
ಪ್ರತಿಭಾ ಇಂಟರ್‌ವಲ್ ತನಕ ನನ್ನ ಕೂಡ ಮಾತಾಡಲಿಲ್ಲ.
ಪಾಪ್‌ಕಾರ್ನ್ ಮಾತ್ರ ತಿಂದಳು, ನನ್ನ ರೊಕ್ಕದ್ದು.

ಒಂಬತ್ತರ ಸೀರಿಯಲ್ಲಿಗಿ ಬರ್ರಿ.
ಅತ್ತಿ ರೇಷ್ಮಿ ಸೀರಿ ಉಟಗೊಂಡೇ ಮಲಗತಾಳ,
ಎದ್ದರ ಒಂದು ನಿರಿಗಿ ಮುದುಡಿಲ್ಲ.
ವಿಷದ ಹಾಲು ಸೋಮವಾರ ಕೈಯಾಗ ಹಿಡದಾಕಿ
ಶುಕ್ರವಾರ ತನಕ ಹಿಡದೇ ನಿಂತಾಳ,
ಕಂಕುಳದಾಗ ಒಂದು ಹನಿ ಬೆವರಿಲ್ಲ.
ಏಪ್ರಿಲ್ ತಿಂಗಳದಾಗ ನಮ್ಮೂರಿಗಿ ಬಂದು ನಿಲ್ಲಲಿ, ಒಮ್ಮಿ.

ಕಾಜಾ ಮಾಡೋ ಜೈತೂನಬಿಗಿ ಇದು ಸೇರಲ್ಲ.
‘ಬಾಯಿ, ನೀವು ಬಟ್ಟಿ ನೋಡತೀರಿ, ನಾ ಮಾರಿ ನೋಡತೀನಿ.
ಆ ಸೊಸಿ ಖರೇ ಅಳತಾಳ, ಮೂಗು ಕೆಂಪಾಗತದ.’
ಇರಬಹುದು. ಮೂಗು ನಾ ನೋಡಿಲ್ಲ.
ಬೆನ್ನಿನ ಡೋರಿ ನೋಡಲತ್ತಿದ್ದೆ.

ಕೊರಿಯಾದ್ದೊಂದು, ಹಿಂದಿ ಮಾತು ಹಚ್ಚಿದ್ದು,
ಇಬ್ಬರೂ ಕೂಡಿ ಹತ್ತೂ ಭಾಗ ನೋಡಿದಿವಿ.
ಯಾರು ಯಾರಿಗಿ ಏನಾಗಬೇಕೋ ಕಡಿ ತನಕ ತಿಳೀಲಿಲ್ಲ.
ಆದರ ಆಕಿ ಕೋಟು ಬಿಚ್ಚಿ ಕುರ್ಚಿ ಮ್ಯಾಲ ಒಗದಾಗ
ಒಳಗಿನ ಅಸ್ತರ್ ಒಂದು ಗಳಗಿ ಕಂಡತು.
ಹೊರಗ ಬೂದಿ, ಒಳಗ ಕುಸುಬಿ ಹೂವಿನ ಬಣ್ಣ.
ಯಾರೂ ನೋಡದ ಕಡಿ ಇಷ್ಟು ಖರ್ಚು ಮಾಡ್ಯಾರ.
ಅದೊಂದಕ್ಕೇ ಹತ್ತಕ್ಕ ಎಂಟು.

ಟೇಲರನ ಕಥಿ ಅಂತ ಒಂದು ಬಂತು,
ನಿಂದೇ ಕಥಿ, ನೋಡು ನೋಡು ಅಂದರು ಎಲ್ಲಾರೂ.
ಹೀರೋ ಕತ್ರಿ ಹಿಡದಿದ್ದ, ಕೊತ್ತಂಬರಿ ಕತ್ತರಸೋರ್ಹಂಗ.
ಎಳಿ ನಾಲಿಗಿಗಿ ಹಚ್ಚಲಾರದೇ
ಒಂದೇ ಸಲಕ್ಕ ಸೂಜ್ಯಾಗ ಹೋತು.
ಬಂದ್ ಮಾಡಿದೆ.

ಇನ್ನೊಂದದ. ಹೆಸರು ಗೊತ್ತಿಲ್ಲ.
ರಾತ್ರಿ ಹನ್ನೊಂದಾಗಿತ್ತು, ಮರಾಠಿದು ಇರಬೇಕು.
ಹಾಡಿಲ್ಲ, ಬಡದಾಟಿಲ್ಲ.
ಗಂಡ ಸತ್ತಾಕಿ ಒಬ್ಬಾಕಿ ಅವನ ಪ್ಯಾಂಟು ಬಿಚ್ಚಲತ್ತಾಳ,
ಮಗನ ಅಳತಿಗಿ. ಬ್ಲೇಡಿಲೆ, ಒಂದೊಂದೇ ಟಾಕಿ.
ಮಡಚಿ ಹೊಲದ ಜಾಗದಾಗ ಬಟ್ಟಿ ಇನ್ನಾ ಹೊಸಾದೇ ಅದ,
ಕಪ್ಪಂದರ ಕಪ್ಪು.
ಬಿಚ್ಚಿದ ದಾರ ಒಗೀಲಿಲ್ಲ ಆಕಿ.
ಬೆರಳಿಗಿ ಸುತ್ತಿ, ಸುತ್ತಿ, ಡಬ್ಬ್ಯಾಗ ಇಟ್ಟಳು.
ಇದು ಯಾರನ್ನೋ ಕೇಳಿ ಮಾಡ್ಯಾರ, ಅಂದೆ ಒಬ್ಬಾಕೇ.
ಯಾರದೋ ಅವ್ವನ್ನ.

ಅಷ್ಟರಾಗ ಕರೆಂಟ್ ಹೋತು.

ಮಗ ಆ ಪ್ಯಾಂಟು ಹಾಕೊಂಡನೋ ಇಲ್ಲೋ,
ಉದ್ದಾತೋ ಗಿಡ್ಡಾತೋ.
ಪ್ರತಿಭಾನ್ನ ಕೇಳಿದೆ, ಜೈತೂನಬಿನ್ನ ಕೇಳಿದೆ,
ಬಟ್ಟಿ ಕೊಡಲಿಕ್ಕಿ ಬಂದೋರನ್ನೆಲ್ಲಾ ಕೇಳಿದೆ.
ಯಾರೂ ನೋಡಿಲ್ಲ.
ಸೋಡಾ ಅಂಗಡಿ ಘಾಳೆಪ್ಪ ಬಾಟ್ಲಿ ತೊಳಕೋತ ಅಂದ:
‘ಎರಡು ಇಂಚು ಒಳಗ ಬಿಟ್ಟಿರತಾಳ ಬಿಡ್ರಿ,
ಬೆಳಿಯೋ ಹುಡುಗ.’

ಹತ್ತಕ್ಕ ಎಷ್ಟಂತ ಕೇಳಬ್ಯಾಡ್ರಿ, ಪೂರಾ ನೋಡಿಲ್ಲ.
ನಿಮ್ಮ ಬ್ಲೌಸಿಗಿ ಶುಕ್ರವಾರ ಬರ್ರಿ.
ಗುರುವಾರ ಅಂದಿದ್ದೆ, ಖರೇ.